ಅಮ್ಮನ ನೀರು, ಅಪ್ಪಯ್ಯನ ಡೀಸೆಲ್

ನಮ್ಮ ಮನೆಯಲ್ಲಿ ಫ್ರಿಜ್ಜಿನ ಮೇಲೆ ಒಂದು ನೋಟ್‌ಬುಕ್ ಇರುತ್ತದೆ. ಎಡಗಡೆಯ ಪುಟ ಅಮ್ಮನದು, ಬಲಗಡೆಯದು ಅಪ್ಪಯ್ಯನದು. ಅಮ್ಮನ ಪುಟದಲ್ಲಿ ದಿನಕ್ಕೆ ಎಷ್ಟು ಲೋಟ ನೀರು ಕುಡಿದಳು, ಡಯಾಲಿಸಿಸ್‌ಗೆ ಮೊದಲು ತೂಕ ಎಷ್ಟಿತ್ತು, ಆದಮೇಲೆ ಎಷ್ಟಾಯಿತು ಎಂಬ ಲೆಕ್ಕ. ಅಪ್ಪಯ್ಯನ ಪುಟದಲ್ಲಿ ಗಾಡಿ ಎಷ್ಟು ಕಿಲೋಮೀಟರ್ ಓಡಿತು, ಎಷ್ಟು ಲೀಟರ್ ಡೀಸೆಲ್ ಕುಡಿಯಿತು ಎಂಬ ಲೆಕ್ಕ. ಒಬ್ಬರು ಕುಡಿಯುವುದನ್ನು ಕಡಿಮೆ ಮಾಡಬೇಕಿತ್ತು, ಇನ್ನೊಬ್ಬರು ಕುಡಿಸುವುದನ್ನು.

ಗಾಡಿ 2005ರ ಮಾಡೆಲ್. ಏಳು ಸೀಟಿನ, ಎರಡೂವರೆ ಲೀಟರಿನ ಟರ್ಬೊ ಡೀಸೆಲ್ ಎಂಜಿನ್ನಿನ ಎಸ್‌ಯುವಿ. 2014ರಲ್ಲಿ ಅಡಿಕೆಗೆ ಹಿಂದೆಂದೂ ಕಾಣದ ಧಾರಣೆ ಬಂದಾಗ ಅಪ್ಪಯ್ಯ ಅದನ್ನು ಸೆಕೆಂಡ್‌ಹ್ಯಾಂಡ್ ಕೊಂಡಿದ್ದರು. ಧಾರಣೆ ಇಳಿಯಿತು, ಗಾಡಿ ಉಳಿಯಿತು. ಹದಿನೈದು ವರ್ಷ ತುಂಬಿದಾಗ ಹಸಿರು ತೆರಿಗೆ ಕಟ್ಟಿ, ನೋಂದಣಿಯನ್ನು ಮತ್ತೆ ಐದು ವರ್ಷಕ್ಕೆ ನವೀಕರಿಸಿಕೊಂಡು ಬಂದರು. ಮಾರಿಬಿಡಿ ಎಂದು ನಾನು ಹೇಳದ ವರ್ಷವಿಲ್ಲ. ಆದರೆ ಅಮ್ಮನ ಕಿಡ್ನಿ ಕೈಕೊಟ್ಟ ಮೇಲೆ ಆ ಮಾತು ನಿಂತಿತು. ಆಗುಂಬೆ ಘಾಟಿ ಇಳಿದು ಆಸ್ಪತ್ರೆಗೆ ಹೋಗಿ ಬರಲು ನೂರೈವತ್ತು ಕಿಲೋಮೀಟರ್. ವಾರಕ್ಕೆ ಎರಡು ಸಲ. ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ ಎದ್ದ ಅಮ್ಮನಿಗೆ ವಾಪಸು ಬರುವಾಗ ಕಾಲು ಚಾಚಲು ಜಾಗ ಬೇಕಿತ್ತು. ಆ ಜಾಗ ಈ ಗಾಡಿಯ ನಡುವಿನ ಸೀಟಿನಲ್ಲಿತ್ತು. ಹೊಸ ಗಾಡಿಗೆ ದುಡ್ಡಿರಲಿಲ್ಲ. ಹಾಗಾಗಿ ಉಳಿದ ದಾರಿ ಒಂದೇ: ಇರುವ ಗಾಡಿಯ ಹಸಿವನ್ನು ಕಡಿಮೆ ಮಾಡುವುದು.

ಮನೆಯಿಂದಲೇ ಕೆಲಸ ಮಾಡಲು ಅನುಮತಿ ಪಡೆದು ನಾನು ಊರಿಗೆ ಬಂದಿದ್ದೆ. "ಮೈಲೇಜ್ ಎಷ್ಟು ಬರ್ತದೆ?" ಎಂದು ಕೇಳಿದರೆ ಅಪ್ಪಯ್ಯ, "ಹನ್ನೊಂದು ಹನ್ನೆರಡಕ್ಕೆ ಮೋಸ ಇಲ್ಲ" ಎಂದರು. ಅಳೆದು ನೋಡೋಣ ಎಂದೆ. ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ಅಲ್ಲಿಯೇ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿದೆವು. ಎಂಟೂವರೆ! ಅಪ್ಪಯ್ಯ ಬಂಕಿನ ಮೀಟರನ್ನೇ ಅನುಮಾನಿಸಿದರು. ಇನ್ನೊಂದು ಬಂಕಿನಲ್ಲಿ ಇನ್ನೊಂದು ಸಲ ಅಳೆದೆವು. ಮತ್ತೆ ಎಂಟೂವರೆ. ಅವತ್ತು ಸಂಜೆ ಅವರೇ ನೋಟ್‌ಬುಕ್ಕಿನ ಬಲಪುಟಕ್ಕೆ ಗೆರೆ ಎಳೆದರು.

ಮೊದಲು ಗಾಡಿಯನ್ನು ಖಾಲಿ ಮಾಡಿದೆವು. ಹಿಂದುಗಡೆ ಎರಡು ಜಾಕು, ಮರ ಎಳೆಯುವ ಸರಪಳಿ, ಗಟ್ಟಿಯಾಗಿ ಕಲ್ಲಾಗಿದ್ದ ಅರ್ಧ ಚೀಲ ಸಿಮೆಂಟು, ಯಾವ ಮದುವೆಯದ್ದೋ ಒಂದು ಹಂಡೆ. ಮೇಲಿನ ಕ್ಯಾರಿಯರಿನಲ್ಲಿ ಸವೆದ ಟಯರು ಮತ್ತು ಟಾರ್ಪಾಲು. ಭಾರ ಏರಿನಲ್ಲಿ ಎಣ್ಣೆ ಕುಡಿಯುತ್ತದೆ. ಕ್ಯಾರಿಯರು ಬಯಲಿನಲ್ಲಿ, ಗಾಳಿಗೆ ಅಡ್ಡ ನಿಂತು. ಎರಡನ್ನೂ ಕೊಟ್ಟಿಗೆಗೆ ಸಾಗಿಸಿದೆವು.

ಪೇಟೆಯ ಮೆಕ್ಯಾನಿಕ್ ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ತಟ್ಟಿದಾಗ ಒಂದು ಬೊಗಸೆ ಕೆಂಪು ಧೂಳು ಬಿತ್ತು. ಗಾಳಿ ಸಾಲದೆ ಡೀಸೆಲ್ ಪೂರ್ತಿ ಉರಿಯದಿದ್ದರೆ ಅದು ಕಪ್ಪು ಹೊಗೆಯಾಗಿ ಹೋಗುತ್ತದೆ. ಹೊಗೆ ಎಂದರೆ ನಾವು ದುಡ್ಡು ಕೊಟ್ಟು ಕೊಂಡದ್ದೇ. ಆಮೇಲೆ ಆತ ಗಾಡಿಯನ್ನು ಐದು ಕಿಲೋಮೀಟರ್ ಓಡಿಸಿ ತಂದು, ನಾಲ್ಕೂ ಚಕ್ರಗಳ ಹತ್ತಿರ ಕೈಯೊಡ್ಡಿ ನೋಡಿದ. ಮುಂದಿನ ಎಡ ಚಕ್ರ ಒಲೆಯಂತೆ ಕಾದಿತ್ತು. "ಗೌಡ್ರೇ, ನೀವು ಬ್ರೇಕ್ ಹಿಡ್ಕೊಂಡೇ ಘಾಟಿ ಹತ್ತೀರಿ ಇಷ್ಟು ದಿನ," ಎಂದ. ಕ್ಯಾಲಿಪರಿನ ಪಿಸ್ಟನ್ ತುಕ್ಕು ಹಿಡಿದು ಪ್ಯಾಡು ಡಿಸ್ಕನ್ನು ಬಿಡುತ್ತಲೇ ಇರಲಿಲ್ಲ. ತಪ್ಪು ಗಾಡಿಯದಲ್ಲ, ವರ್ಷಗಟ್ಟಲೆ ಸರ್ವಿಸ್ ಮುಂದೂಡಿದ ನಮ್ಮದು.

ಟಯರಿನ ಗಾಳಿಯ ವಿಷಯ ಮಾತ್ರ ಸುಲಭದ್ದಾಗಿರಲಿಲ್ಲ. ಬಾಗಿಲಿನ ಸ್ಟಿಕರಿನಲ್ಲಿ ಮೂವತ್ತೆರಡು ಎಂದು ಬರೆದಿದ್ದರೆ ನಾಲ್ಕರಲ್ಲೂ ಇದ್ದದ್ದು ಇಪ್ಪತ್ತನಾಲ್ಕು. ಮರೆವು ಎಂದುಕೊಂಡಿದ್ದೆ. ಅಲ್ಲ, ಅಪ್ಪಯ್ಯ ಬೇಕೆಂದೇ ಇಳಿಸಿದ್ದರು: "ಟಯರು ಮೆತ್ತಗಿದ್ರೆ ನಿನ್ನಮ್ಮಂಗೆ ಕುಲುಕಾಟ ಕಡಿಮೆ ಆಗ್ತದೆ." ಮೆತ್ತಗಿನ ಟಯರು ಉರುಳುವಾಗ ಹೆಚ್ಚು ನುಗ್ಗುತ್ತದೆ, ಬಿಸಿಯಾಗುತ್ತದೆ, ಅಂಚು ಸವೆಯುತ್ತದೆ, ಎಣ್ಣೆ ತಿನ್ನುತ್ತದೆ ಎಂಬುದೆಲ್ಲ ನನಗೆ ಗೊತ್ತಿತ್ತು. ಅವರ ಲೆಕ್ಕ ಬೇರೆಯಿತ್ತು. ನಾನು ಸುಮ್ಮನಾದೆ. ಹಿಂದಿನ ಸೀಟಿನಿಂದ ಅಮ್ಮನೇ ಹೇಳಿದಳು: "ಗಾಳಿ ತುಂಬಿಸಿ ಮಾರಾಯ್ರೆ. ಗುಂಡಿ ಇರೋದು ರಸ್ತೇಲಿ, ಟಯರಲ್ಲಲ್ಲ. ಸ್ವಲ್ಪ ನಿಧಾನ ಹೋದ್ರೆ ಆಯ್ತಪ್ಪ."

ನಿಧಾನ ಹೋಗುವುದೇ ದೊಡ್ಡ ಉಳಿತಾಯ ಎಂಬುದು ಆಮೇಲೆ ಲೆಕ್ಕ ಹಾಕಿದಾಗ ಹೊಳೆಯಿತು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹೆಬ್ರಿ ದಾಟಿದ ಮೇಲೆ ಸಿಗುವ ನೇರ ರಸ್ತೆಯಲ್ಲಿ ಅಪ್ಪಯ್ಯ ತೊಂಬತ್ತಕ್ಕೆ ಹೋಗುತ್ತಿದ್ದರು. ಅರವತ್ತೈದಕ್ಕೆ ಇಳಿಸಿದರೆ ತಡೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಎದೆಯುಬ್ಬಿಸಿ ನಿಂತ ಚೌಕದ ಗಾಡಿಗೆ ಇದರಷ್ಟು ಉಪಕಾರ ಬೇರೆಯದು ಮಾಡಲಾರದು.

ಜಗಳವಾದದ್ದು ಘಾಟಿಯಲ್ಲಿ. ಹದಿನಾಲ್ಕು ತಿರುವುಗಳ ಆ ಇಳಿಜಾರಿನಲ್ಲಿ ಅಪ್ಪಯ್ಯ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿಬಿಡುತ್ತಿದ್ದರು. ಡೀಸೆಲ್ ಉಳಿಸುವ ಅವರ ಮೂವತ್ತು ವರ್ಷದ ವಿದ್ಯೆ ಅದು. ಒಂದು ಮಳೆಯ ಬೆಳಿಗ್ಗೆ, ಏಳನೆಯದೋ ಎಂಟನೆಯದೋ ತಿರುವಿನಲ್ಲಿ ಬಸ್ಸೊಂದು ಎದುರಾಯಿತು. ಅಪ್ಪಯ್ಯ ಬ್ರೇಕ್ ಒತ್ತಿದರು. ಪೆಡಲು ಎಂದಿಗಿಂತ ಕೆಳಗೆ ಹೋಯಿತು. ಕಾದ ಬ್ರೇಕಿನ ವಾಸನೆ ಒಳಗೆ ತುಂಬಿತು. ಗಾಡಿ ನಿಂತಿತು, ಆದರೆ ಬಸ್ಸಿನಿಂದ ಒಂದು ಮಾರು ದೂರದಲ್ಲಿ. ಅಮ್ಮ ಸೀಟಿನಿಂದ ಜಾರಿ ಕೆಳಗೆ ಕೂತಿದ್ದಳು. ಫಿಸ್ಟುಲಾ ಇರುವ ಕೈಯನ್ನು ಎದೆಗೆ ಅವುಚಿಕೊಂಡಿದ್ದಳು.

ಸೋಮೇಶ್ವರದಲ್ಲಿ ಗಾಡಿ ನಿಲ್ಲಿಸಿ ನಾನು ಕೂಗಾಡಿದೆ. ಅಪ್ಪಯ್ಯ ತಿರುಗಿ ಕೂಗಲಿಲ್ಲ. "ಡೀಸೆಲ್ ಉಳೀಲಿ ಅಂತ," ಎಂದಷ್ಟೇ ಹೇಳಿದರು. ಸಂಜೆ ಸಮಾಧಾನವಾಗಿ ವಿವರಿಸಿದೆ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನನ್ನು ತಿರುಗಿಸುವುದು ಇಳಿಜಾರೇ. ಆಗ ಡೀಸೆಲ್ ಹೋಗುವುದು ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ನೋಡಿಕೊಳ್ಳಲು ಡೀಸೆಲ್ ಬೇಕೇ ಬೇಕು. ಅಂದರೆ ಉಳಿಸಲೆಂದು ಮಾಡಿದ್ದರಲ್ಲಿ ಎಣ್ಣೆಯೂ ಉಳಿಯಲಿಲ್ಲ, ಬ್ರೇಕೂ ಉಳಿಯಲಿಲ್ಲ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಮುಂದಿನ ಸಲ ಘಾಟಿಯ ತಲೆಯಲ್ಲೇ ಎರಡನೇ ಗೇರಿಗೆ ಹಾಕಿದರು.

ಎರಡು ತಿಂಗಳ ಹೊತ್ತಿಗೆ ಬಲಪುಟದಲ್ಲಿ ಹನ್ನೊಂದೂವರೆ ಬಂತು. ಬೆಂಗಳೂರಿನ ಗೆಳೆಯನಿಗೆ ಹೇಳಿದರೆ, ಅವನ ಸಣ್ಣ ಕಾರು ಹದಿನೆಂಟರಿಂದ ಇಪ್ಪತ್ತೆರಡಕ್ಕೆ ಏರಿದೆ ಎಂದ. ನಮ್ಮದು ಮೂರು ಏರಿದ್ದರೆ ಅವನದು ನಾಲ್ಕು. ಗೆದ್ದವನು ಅವನು ಎನಿಸುತ್ತದೆ. ಆದರೆ ನೂರೈವತ್ತು ಕಿಲೋಮೀಟರಿಗೆ ಅವನಿಗೆ ಉಳಿಯುವುದು ಒಂದೂವರೆ ಲೀಟರ್, ನಮಗೆ ನಾಲ್ಕೂವರೆಗೂ ಮೇಲೆ. ಈ ಭ್ರಮೆಯ ಬಗ್ಗೆ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದಾರೆ: ಲೀಟರಿಗೆ ಎಷ್ಟು ದೂರ ಎಂದು ಕೇಳಿದರೆ ಮನಸ್ಸು ಮೋಸಹೋಗುತ್ತದೆ, ಇಷ್ಟು ದೂರಕ್ಕೆ ಎಷ್ಟು ಇಂಧನ ಎಂದು ಕೇಳಬೇಕು. ಹೆಚ್ಚು ಕುಡಿಯುವ ಗಾಡಿಯಲ್ಲಿ ಆಗುವ ಸಣ್ಣ ಸುಧಾರಣೆಯೇ ದೊಡ್ಡದು. ಲೀಟರಿಗೆ ತೊಂಬತ್ತರ ಆಸುಪಾಸಿನ ದರದಲ್ಲಿ ನಮಗೆ ತಿಂಗಳಿಗೆ ಮೂರು ಸಾವಿರದ ಮೇಲೆ ಉಳಿಯಿತು. ಅದು ಅಮ್ಮನ ಇಂಜೆಕ್ಷನ್ನಿಗೆ ಹೋಯಿತು.

ಉಳಿಸದೆ ಬಿಟ್ಟದ್ದೂ ಒಂದಿತ್ತು. ವಾಪಸು ಬರುವಾಗ ಅಮ್ಮನಿಗೆ ಹೊಟ್ಟೆ ತೊಳಸುತ್ತಿತ್ತು. ಆಗ ಎಸಿ ಹಾಕಲೇಬೇಕಿತ್ತು. ಆ ಗುಂಡಿಯನ್ನು ಅಪ್ಪಯ್ಯ ಒಮ್ಮೆಯೂ ಆರಿಸಲಿಲ್ಲ.

ಹೋದ ವರ್ಷ ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ಅಮ್ಮನಿಗೆ ಪಾಳಿ ಸಿಕ್ಕಿತು. ಹೋಗಿ ಬರಲು ಇಪ್ಪತ್ತನಾಲ್ಕು ಕಿಲೋಮೀಟರ್. ಎಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಆಸ್ಪತ್ರೆಯೇ ಬಂದುಬಿಡುತ್ತದೆ. ತಣ್ಣಗಿನ ಎಂಜಿನ್ ಹೆಚ್ಚು ಕುಡಿಯುವುದರಿಂದ ಬಲಪುಟದಲ್ಲಿ ಅಂಕಿ ಮತ್ತೆ ಹತ್ತಕ್ಕೆ ಇಳಿದಿದೆ. ಮೊನ್ನೆ ಅಪ್ಪಯ್ಯ ಫೋನು ಮಾಡಿ, "ಮೈಲೇಜ್ ಬಿದ್ದೋಯ್ತಲ್ಲೋ, ಫಿಲ್ಟರ್ ನೋಡಿಸ್ಲಾ?" ಎಂದು ಕೇಳಿದರು. ಒಂದು ಸಲಕ್ಕೆ ಹದಿಮೂರು ಲೀಟರ್ ಬೇಕಿದ್ದ ಕಡೆ ಈಗ ಎರಡೂವರೆ ಸಾಕು ಎಂದು ಲೆಕ್ಕ ಹೇಳಿದೆ. ಆಸ್ಪತ್ರೆ ಹತ್ತಿರ ಬಂದದ್ದಕ್ಕಿಂತ ದೊಡ್ಡ ಉಳಿತಾಯವನ್ನು ಯಾವ ಮೆಕ್ಯಾನಿಕ್ಕೂ ಮಾಡಿಕೊಡಲಾರ.

"ಹೌದಾ?" ಎಂದರು. ಆದರೂ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಹಿಂದಿನಿಂದ ಅಮ್ಮನ ದನಿ ಕೇಳಿಸಿತು: "ಇವತ್ತು ಮೂರೇ ಲೋಟ ಕಣೋ, ಬರ್ಕೊಂಡಿದೀನಿ."