ಫೋಕಸ್ ಸರಿ ಇದೆಯಾ ಗುರೂ?

ತೆರೆಯ ಮೇಲೆ ಚಿತ್ರ ಮಸುಕಾದರೆ ನಾವು ಸುಮ್ಮನಿರ್ತೀವಾ? ಸೀಟಿ ಹೊಡೆದು, ಕೂಗಾಡಿ ಆಪರೇಟರನ ನಿದ್ದೆ ಕೆಡಿಸ್ತೀವಿ. ಆದರೆ ಸೆಕೆಂಡ್ ಶೋ ಮುಗಿಸಿ ಹೊರಟಾಗ ನಮ್ಮ ಗಾಡಿಯ ಬೆಳಕು ಎದುರಿನವನ ಕಣ್ಣಿಗೆ ಹೊಡೆದರೆ ಸೀಟಿ ಹಾಕೋರು ಯಾರು?

ದೂರದ ಊರು ಸುತ್ತೋಕೆಂದೇ ಇಟ್ಟುಕೊಂಡಿರುವ ನನ್ನ ಹಳೇ ಬುಲೆಟ್ಟಿನ ಬಲ್ಬಿಗೆ ಮೊನ್ನೆ ಆಯುಸ್ಸು ತೀರಿತು. ಡಿಪ್ ಹೋಗಿ ಬ್ರೈಟ್ ಮಾತ್ರ ಉಳಿಯಿತು. ಎಚ್-4 ಹ್ಯಾಲೊಜನ್ ಬಲ್ಬಿನೊಳಗೆ ಎರಡು ತಂತಿ: ಬ್ರೈಟಿಗೆ 60 ವ್ಯಾಟ್, ಡಿಪ್ಪಿಗೆ 55. "100/90 ಹಾಕು ಗುರೂ, ರಾತ್ರಿ ಹಗಲಾಗುತ್ತೆ!" ಎಂದ ಗೆಳೆಯ. ಹಗಲೇನೋ ಆದೀತು, ಹಳೇ ವೈರು, ಹೋಲ್ಡರು ಆ ಶಾಖಕ್ಕೆ ಕರಗಿದರೆ ಘಾಟಿಯ ನಡುವೆ ಪೂರ್ತಿ ಕತ್ತಲೆ. ಬೇಡವೆಂದೆ.

ಕೆಲಸ ಸಣ್ಣದು. ಸ್ವಿಚ್ ಆರಿಸಿ, ಬಲ್ಬ್ ತಣ್ಣಗಾದ ಮೇಲೆ ರಿಮ್ಮಿನ ಸ್ಕ್ರೂ ಬಿಚ್ಚಿ. ಮೂರು ಪಿನ್ನಿನ ಸಾಕೆಟ್ ಎಳೆದು, ರಬ್ಬರ್ ಸರಿಸಿ, ಕ್ಲಿಪ್ ಬಿಡಿಸಿದರೆ ಹಳೆಯದು ಕೈಗೆ ಬರುತ್ತೆ. ಹೊಸದರ ಗಾಜು ಮಾತ್ರ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಕಡೆ ವಿಪರೀತ ಕಾದು ಬಲ್ಬ್ ಬೇಗ ಸಾಯುತ್ತೆ. ಬುಡದ ಮೂರು ಕಿವಿಗಳು ಕೂರೋದು ಒಂದೇ ರೀತಿ. ಸೊಟ್ಟಗೆ ಕೂತರೆ, ಪ್ರೊಜೆಕ್ಟರಿನ ಲ್ಯಾಂಪ್ ಜರುಗಿದ ಹಾಗೆ, ಬೆಳಕೆಲ್ಲ ದಿಕ್ಕಾಪಾಲು.

ಕಡೆಗೆ ಗಾಡಿಯನ್ನು ಗೋಡೆಯ ಎದುರು ನಿಲ್ಲಿಸಿ, ಡಿಪ್ ಒತ್ತಿ ನೋಡಿ. ಬೆಳಕು ಕೆಳಗಿಳಿಯಲೇಬೇಕು. ಎದುರಿನಿಂದ ಬರುವವನ ಮನೇಲೂ ಬಾಗಿಲು ತೆಗೆಯೋಕೆ ಒಬ್ಬ ತಾಯಿ ನಿದ್ದೆಗೆಟ್ಟು ಕೂತಿರ್ತಾಳೆ.