ಬೇಕಲದ ಕಲ್ಲು, ಮೂರು ಪದರದ ಕ್ಯಾಮೆರಾ

ಕಾಸರಗೋಡು ಸೀಮೆಯ ನಮಗೆ ಮುರಕಲ್ಲು ಹೊಸದೇನಲ್ಲ. ಮನೆಯ ಗೋಡೆ, ಬಾವಿಯ ಕಟ್ಟೆ, ತೋಟದ ಕಂಪೌಂಡು, ಇಗರ್ಜಿಯ ಮೆಟ್ಟಿಲು ಎಲ್ಲವೂ ಅದರದೇ. ಬರಿಗಣ್ಣಿಗೆ ಅದರಲ್ಲಿ ಕೆಂಪು, ಹಳದಿ, ಕಂದು, ಪಾಚಿಯ ಹಸಿರು ಬೇರೆ ಬೇರೆಯಾಗಿ ಕಾಣುತ್ತವೆ. ಫೋಟೋ ತೆಗೆದು ದೊಡ್ಡದು ಮಾಡಿದರೆ ಹೆಚ್ಚಾಗಿ ಒಂದೇ ಇಟ್ಟಿಗೆ ಬಣ್ಣ ಬಳಿದಂತಿರುತ್ತದೆ.

ಈ ವಿಷಯ ಈಗ ಬಂದದ್ದಕ್ಕೆ ಕಾರಣವಿದೆ. ನಮ್ಮ ಇಗರ್ಜಿಯ ಸ್ಮಶಾನದಲ್ಲಿ ಹಿರಿಯರ ಹೆಸರು ಕನ್ನಡದಲ್ಲಿ ಕೆತ್ತಿದ ಹಳೆಯ ಕಲ್ಲುಗಳಿವೆ. ಪ್ರತಿ ಮಳೆಗಾಲಕ್ಕೂ ಅಕ್ಷರ ಸವೆಯುತ್ತಿದೆ. ಅವನ್ನೆಲ್ಲ ಚಿತ್ರ ತೆಗೆದು ಒಂದು ಪುಸ್ತಕ ಮಾಡಿಡಬೇಕೆಂದು ನಾವು ನಾಲ್ಕು ಜನ ಹೊರಟಿದ್ದೇವೆ. ಇದನ್ನು ಕೇಳಿ ಗಲ್ಫಿನಲ್ಲಿರುವ ನಮ್ಮ ಊರಿನವರೊಬ್ಬರು ತಾವು ಬಳಸಿದ ಕ್ಯಾಮೆರಾವನ್ನು ಕಳುಹಿಸಿ, "ಒಂದು ತಿಂಗಳು ಇಟ್ಟು ನೋಡಿ, ಹಿಡಿಸಿದರೆ ಅರ್ಧ ಬೆಲೆ ಕೊಡಿ" ಎಂದರು. ಅದು ಜಪಾನಿನ ಸಿಗ್ಮಾ ಕಂಪನಿ 2012ರಲ್ಲಿ ಹೊರತಂದ ಡಿಪಿ2 ಮೆರಿಲ್. ಅರ್ಧ ಬೆಲೆಯೂ ನಮ್ಮ ಕೈಗೆ ಭಾರವೇ. ಆದುದರಿಂದ ಪರೀಕ್ಷೆಗೆಂದು ಒಂದು ಶನಿವಾರ ಅದನ್ನು ಬೇಕಲಕ್ಕೆ ಕೊಂಡೊಯ್ದೆವು.

ಮಂಜೇಶ್ವರದಿಂದ ರೈಲಿನಲ್ಲಿ ಕುಂಬಳೆ, ಕಾಸರಗೋಡು ದಾಟಿ, ಚಂದ್ರಗಿರಿ ಹೊಳೆಯ ಸೇತುವೆ ಕಳೆದರೆ ಬೇಕಲ ದೂರವಿಲ್ಲ. ತುಳುನಾಡಿನ ತೆಂಕಣ ಗಡಿ ಈ ಹೊಳೆಯೇ ಎಂದು ಹಿರಿಯರು ಹೇಳುತ್ತಿದ್ದರು. ಆದರೆ ಹೊಳೆಯ ಆಚೆಗೂ ಕನ್ನಡದ ಅರಸರ ಕೈ ಚಾಚಿತ್ತು. ಬೇಕಲ ಕೋಟೆಯನ್ನು 1650ರ ಆಸುಪಾಸಿನಲ್ಲಿ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ. ಮುಂದೆ ಅದು ಹೈದರಾಲಿಯ ಕೈಗೂ ಟಿಪ್ಪುವಿನ ಕೈಗೂ ಹೋಗಿ, 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರದಾಯಿತು. ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಈ ಸೀಮೆ 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಸುಮಾರು 40 ಎಕರೆ ಹರವಿನ ಈ ಕೋಟೆ ಕೇರಳದಲ್ಲೇ ದೊಡ್ಡದು. 1995ರ 'ಬಾಂಬೆ' ಚಿತ್ರದ ಹಾಡು ನೋಡಿದವರಿಗೆ ಈ ಗೋಡೆಗಳ ಗುರುತು ಸಿಕ್ಕೀತು.

ಕ್ಯಾಮೆರಾದ ವಿಶೇಷವೇನೆಂದು ಹೇಳಬೇಕು. ಸಾಮಾನ್ಯ ಡಿಜಿಟಲ್ ಕ್ಯಾಮೆರಾದ ಸೆನ್ಸರಿನ ಮೇಲೆ ಕೆಂಪು, ಹಸಿರು, ನೀಲಿ ಚೌಕಗಳು ಚದುರಂಗದ ಹಾಸಿನಂತೆ ಹರಡಿರುತ್ತವೆ. ಅರ್ಧದಷ್ಟು ಹಸಿರು, ಉಳಿದರ್ಧದಲ್ಲಿ ಕೆಂಪು ಮತ್ತು ನೀಲಿ. ಕೊಡ್ಯಾಕ್‌ನ ಬ್ರೈಸ್ ಬೇಯರ್ 1970ರ ದಶಕದಲ್ಲಿ ಕಂಡುಕೊಂಡ ಏರ್ಪಾಡಿದು. ಒಂದು ಚೌಕಕ್ಕೆ ಒಂದೇ ಬಣ್ಣ ಗೊತ್ತು. ಉಳಿದೆರಡನ್ನು ಅಕ್ಕಪಕ್ಕದ ಚೌಕಗಳನ್ನು ನೋಡಿ ಲೆಕ್ಕ ಹಾಕಲಾಗುತ್ತದೆ. ಮೆರಿಲ್‌ನಲ್ಲಿರುವ ಫೋವಿಯಾನ್ ಸೆನ್ಸರಿನ ದಾರಿಯೇ ಬೇರೆ. ಸಿಲಿಕಾನಿನಲ್ಲಿ ನೀಲಿ ಬೆಳಕು ಮೇಲ್ಗಡೆಯೇ ಹೀರಿಹೋಗುತ್ತದೆ, ಹಸಿರು ನಡುವಿನವರೆಗೆ ಹೋಗುತ್ತದೆ, ಕೆಂಪು ಆಳಕ್ಕಿಳಿಯುತ್ತದೆ. ಒಂದರ ಕೆಳಗೊಂದು ಮೂರು ಪದರವಿಟ್ಟು ಒಂದೇ ಜಾಗದಲ್ಲಿ ಮೂರನ್ನೂ ಅಳೆಯುತ್ತಾರೆ. ಹಳೆಯ ಕಲರ್ ರೀಲಿನಲ್ಲೂ ಬಣ್ಣಕ್ಕೊಂದು ಪದರವಿತ್ತಲ್ಲ, ಹಾಗೆಯೇ. ಈ ಸೆನ್ಸರ್ ಮೊದಲು ಬಂದದ್ದು 2002ರ ಸಿಗ್ಮಾ ಎಸ್‌ಡಿ9ರಲ್ಲಿ. ಅದಕ್ಕಾಗಿ ದುಡಿದು 2008ರಲ್ಲಿ ತೀರಿಹೋದ ಎಂಜಿನಿಯರ್ ರಿಚರ್ಡ್ ಮೆರಿಲ್ ಅವರ ಹೆಸರನ್ನೇ ಕ್ಯಾಮೆರಾಕ್ಕೆ ಇಟ್ಟಿದ್ದಾರೆ.

ಪೆಟ್ಟಿಗೆಯ ಮೇಲಿನ 46 ಮೆಗಾಪಿಕ್ಸೆಲ್ ಎಂಬ ಸಂಖ್ಯೆಗೆ ಮರುಳಾಗಬಾರದು. ಪದರವೊಂದರಲ್ಲಿ 4,800 x 3,200 ಬಿಂದು. ಮೂರು ಪದರ ಕೂಡಿಸಿ ಆ ಲೆಕ್ಕ. ಚಿತ್ರದಲ್ಲಿ ಬರುವ ಬಿಂದುಗಳು ಒಂದೂವರೆ ಕೋಟಿಯ ಆಸುಪಾಸು. ಆದರೂ ಅವುಗಳ ಬಣ್ಣ ಅಕ್ಕಪಕ್ಕದಿಂದ ಎರವಲು ತಂದದ್ದಲ್ಲ.

ಕೋಟೆಯಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ನಾವು ಬೈರಾಸನ್ನು ಮಡಚಿ ಗೋಡೆಯ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿದೆವು. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ ಮಾತು ನಿಂತಿತು. ಕಲ್ಲಿನ ಒಂದೊಂದು ತೂತು, ಅದರೊಳಗಿನ ನೆರಳು, ಉಪ್ಪುಗಾಳಿ ತಿಂದ ಅಂಚು, ಸಂದಿನ ಒಣ ಪಾಚಿ ಎಲ್ಲವೂ ಅದರದರ ಬಣ್ಣದಲ್ಲಿ ಕಂಡವು.

ಇನ್ನು ದೋಷಗಳ ಪಟ್ಟಿ, ಅದು ಚಿಕ್ಕದಲ್ಲ. ಒಂದು ಬ್ಯಾಟರಿಗೆ ನೂರು ಚಿತ್ರವೂ ಬರುವುದಿಲ್ಲ. ಕಂಪನಿಯೇ ಎರಡು ಬ್ಯಾಟರಿ ಕೊಟ್ಟಿದೆ. ಚಿತ್ರ ಕಾರ್ಡಿಗೆ ಬರೆದು ಮುಗಿಯುವ ತನಕ ಹತ್ತು ಸೆಕೆಂಡಿಗೂ ಹೆಚ್ಚು ಕಾಯಬೇಕು. ಲೆನ್ಸ್ ಬದಲಿಸುವಂತಿಲ್ಲ, ಜೂಮ್ ಇಲ್ಲ, ಒಳಗೆ ಫ್ಲ್ಯಾಶ್ ಇಲ್ಲ. ಕಣ್ಣಿಟ್ಟು ನೋಡುವ ಕಿಂಡಿಯೂ ಇಲ್ಲದ್ದರಿಂದ ಬಿಸಿಲಲ್ಲಿ ಪರದೆ ಕಾಣದು. ಉತ್ತಮ ಫಲ ಬೇಕಾದರೆ ಕಂಪನಿಯದೇ ತಂತ್ರಾಂಶದಲ್ಲಿ ಚಿತ್ರ ತೆರೆಯಬೇಕು. ಹಳೆಯ ಕಂಪ್ಯೂಟರಿನಲ್ಲಿ ಅಷ್ಟರೊಳಗೆ ಚಾ ಕುಡಿದು ಬರಬಹುದು. ಎಲ್ಲಕ್ಕಿಂತ ದೊಡ್ಡದು, ಕತ್ತಲೆಗೆ ಇದು ಆಗದು. ಸಂಜೆಯ ಮಬ್ಬಿನಲ್ಲಿ ಇಗರ್ಜಿಯೊಳಗೆ ತೆಗೆದು ನೋಡಿದೆವು. ಐಎಸ್ಒ 800 ದಾಟಿದೊಡನೆ ಮುಖಗಳ ಮೇಲೆ ಹಸಿರು, ನೇರಳೆ ಕಲೆ ಬಂತು. ಮದುವೆಗೆ, ಹಬ್ಬದ ಮೆರವಣಿಗೆಗೆ, ಓಡುವ ಮಕ್ಕಳಿಗೆ ಕೈಯಲ್ಲಿರುವ ಮೊಬೈಲೇ ಮೇಲು.

ಆದರೆ ನಮ್ಮ ಕೆಲಸ ಓಡುವವರದಲ್ಲ. ಮರುವಾರ ಬೆಳಿಗ್ಗೆ ಏಳು ಗಂಟೆಗೆ ಸ್ಮಶಾನಕ್ಕೆ ಹೋದೆವು. ಆ ಹೊತ್ತಿನ ಓರೆ ಬಿಸಿಲಿಗೆ ಸವೆದ ಅಕ್ಷರದ ಅಂಚಿನಲ್ಲೂ ನೆರಳು ಬೀಳುತ್ತದೆ. ಒಂದು ಕಲ್ಲಿನ ಹೆಸರು, ಇಸವಿ ಎಲ್ಲರಿಗೂ ಗೊತ್ತಿತ್ತು. ಕೆಳಗಿನ ಸಾಲನ್ನು ಯಾರೂ ಓದಿರಲಿಲ್ಲ. ಮೊಬೈಲಿನಲ್ಲಿ ಅಲ್ಲೊಂದು ಸಾಲಿದೆ ಎಂದಷ್ಟೇ ತಿಳಿಯಿತು. ಮೆರಿಲ್‌ನ ಚಿತ್ರವನ್ನು ದೊಡ್ಡದು ಮಾಡಿದಾಗ ಅಕ್ಷರ ಕೂಡಿಬಂದವು: "ಮಕ್ಕಳು ಇಡಿಸಿದ ಕಲ್ಲು." ಆ ಮನೆಯ ಅಜ್ಜನಿಗೆ ತೋರಿಸಿದೆವು. ಅವರು ಬಹಳ ಹೊತ್ತು ನೋಡಿ, "ಹೌದು ಮಕ್ಕಳೇ, ಆ ವರ್ಷ ನಮ್ಮ ಅಪ್ಪ ಊಟಕ್ಕಿಟ್ಟ ಭತ್ತ ಮಾರಿದ್ದರು. ಯಾಕೆಂದು ಅಮ್ಮ ಹೇಳಿರಲಿಲ್ಲ" ಎಂದರು. ಮಲಯಾಳದಲ್ಲಿ ಓದುತ್ತಿರುವ ಮೊಮ್ಮಗಳು ಪಕ್ಕದಲ್ಲಿ ನಿಂತು ಆ ಸಾಲನ್ನು ಒಂದೊಂದೇ ಅಕ್ಷರವಾಗಿ ಕೂಡಿಸಿ ಓದಿದಳು.

ಲೆಕ್ಕ ಹಾಕಿ ನೋಡಿದೆವು. ಒಂದೇ ಕ್ಯಾಮೆರಾ ಕೊಳ್ಳುವ ಮನೆಗೆ ಇದು ಬೇಡ. ಈಗ ಇದರ ತಯಾರಿಯೂ ಇಲ್ಲ. ಕೈ ಬದಲಾದದ್ದು ಸಿಗಬೇಕಷ್ಟೆ. ಆದರೆ ಕಲ್ಲು, ಮರದ ಕೆತ್ತನೆ, ಹಳೆಯ ದಾಖಲೆಯಂಥ ಅಲುಗಾಡದ ವಸ್ತುವಿಗೆ, ಬೆಳಕೂ ತಾಳ್ಮೆಯೂ ಇದ್ದರೆ, ಇದು ಕೊಟ್ಟ ಹಣಕ್ಕೆ ಮೋಸ ಮಾಡದು. ನಾವು ನಾಲ್ವರೂ ಪಾಲು ಹಾಕಿ ಇಟ್ಟುಕೊಂಡೆವು.

ನಿಮ್ಮ ಊರಿನಲ್ಲೂ ಇಂಥ ಕಲ್ಲುಗಳಿದ್ದರೆ ದೊಡ್ಡ ಕ್ಯಾಮೆರಾ ಬರಲಿ ಎಂದು ಕಾಯಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಮೊಬೈಲಿನಿಂದಲೇ ತೆಗೆದಿಡಿ. ಕಲ್ಲನ್ನು ನೀರು ಮತ್ತು ಮೆತ್ತನೆಯ ಬ್ರಶ್ಶಿನಿಂದ ತೊಳೆದರೆ ಸಾಕು. ಆಸಿಡ್ ಹಾಕಬೇಡಿ, ತಂತಿ ಬ್ರಶ್ಶಿನಿಂದ ಉಜ್ಜಬೇಡಿ. ಚಿತ್ರದ ಜೊತೆಗೆ ಹೆಸರು, ಮನೆತನ, ಹಿರಿಯರು ಹೇಳಿದ ಮಾತು ಬರೆದಿಡಿ. ಮುಂದಿನ ಮಳೆ ಹಿಡಿಯುವ ಮೊದಲೇ ಈ ಕೆಲಸ ಆಗಲಿ.