ಎರಡು ಬಾಟಲಿ, ಒಂದೇ ಎಣ್ಣೆ

‘ಎಣ್ಣೆ ಹೊಡೆಯೋದು’ ಅಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಒಂದು ಅರ್ಥ, ಚಳ್ಳಕೆರೆ ಕಡೆ ಹೊಲಗಳಲ್ಲಿ ಇನ್ನೊಂದು. ನಾನು ಬರೀತಿರೋದು ಎರಡನೇದರ ಬಗ್ಗೆ. ಅಲ್ಲಿ ಎಣ್ಣೆ ಅಂದ್ರೆ ಬೆಳೆಗೆ ಸಿಂಪಡಿಸೋ ಕೀಟನಾಶಕ. ಜೇಬಿಗೆ ಮಾತ್ರ ಎರಡೂ ಭಾರವೇ.

ನಮ್ಮ ಸೋದರಮಾವ ಚಳ್ಳಕೆರೆ ತಾಲ್ಲೂಕಿನಲ್ಲಿ ಎರಡು ಎಕರೆ ಈರುಳ್ಳಿ ಬೆಳೀತಾರೆ. ನಾನು ಬೆಂಗಳೂರಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು. ಹೋದ ವರ್ಷ ಗಣೇಶನ ಹಬ್ಬಕ್ಕೆ ಹೋದಾಗ ಅವರ ಹೊಲದಲ್ಲಿ ಈರುಳ್ಳಿ ಎಲೆಗಳ ಮೇಲೆಲ್ಲ ಬೆಳ್ಳಿ ಬಣ್ಣದ ಗೆರೆ. ಮಾವ ಒಂದು ಗಿಡದ ಸುಳಿ ಬಿಡಿಸಿ ತೋರಿಸಿದರು. ಒಳಗೆ ಹಳದಿ ಬಣ್ಣದ ಸಣ್ಣ ಹುಳಗಳು ಓಡಾಡ್ತಿದ್ವು.

“ಇದೇ ಕಣಪ್ಪ ಥ್ರಿಪ್ಸು. ರಸ ಹೀರ್ತೈತೆ. ಎರಡು ಸಲ ಎಣ್ಣೆ ಹೊಡ್ದೆ, ಬಗ್ಗಲಿಲ್ಲ. ಅಂಗಡಿಯೋರು ಈಗ ಬೇರೆದು ಕೊಟ್ಟವ್ರೆ. ಇಂಗ್ಲಿಷ್‌ನಾಗೆ ಏನ್ ಬರ್ದೈತೆ ನೋಡು.”

ಹಳೇದು, ಹೊಸದು ಎರಡೂ ಬಾಟಲಿ ಪಕ್ಕಪಕ್ಕ ಇಟ್ಟು ಓದಿದೆ. ಕಂಪನಿ ಬೇರೆ, ಹೆಸರು ಬೇರೆ, ಬೆಲೆನೂ ಬೇರೆ. ಕೆಳಗೆ ಸಣ್ಣ ಅಕ್ಷರದಲ್ಲಿ ಮಾತ್ರ ಎರಡರಲ್ಲೂ ಒಂದೇ ಸಾಲು: ಲ್ಯಾಂಬ್ಡಾ ಸೈಹಲೋಥ್ರಿನ್ 5% ಇ.ಸಿ. ಹೇಳಿದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅಂದ್ರೆ ಮೂರನೇ ಸಲನೂ ಅದನ್ನೇ ಹೊಡೀತಿದ್ನಾ?” ಅಂದರು.

ಇದು ಬರೀ ಇಂಗ್ಲಿಷಿನ ಸಮಸ್ಯೆ ಅಲ್ಲ. ಬಾಟಲಿ ಜೊತೆ ಬಂದ ಮಡಚಿದ ಹಾಳೆಯಲ್ಲಿ ಕನ್ನಡವೂ ಇತ್ತು, ಇರುವೆ ಸಾಲಿನ ಥರ. ಆದ್ರೆ ಆ ರಾಸಾಯನಿಕದ ಹೆಸರು ಯಾಕೆ ಮುಖ್ಯ ಅಂತ ಯಾರೂ ಹೇಳದಿದ್ರೆ, ಅದು ಯಾವ ಲಿಪಿಯಲ್ಲಿದ್ದರೇನು?

ಒಂದೇ ಔಷಧಿ ಪದೇ ಪದೇ ಬಿದ್ದರೆ ಅದನ್ನು ತಡ್ಕೊಳ್ಳೋ ಹುಳಗಳು ಮಾತ್ರ ಉಳೀತವೆ. ಮುಂದಿನ ಪೀಳಿಗೆ ಅವುಗಳದ್ದೇ. ಬೆಚ್ಚಗಿನ ಹವೆಯಲ್ಲಿ ಥ್ರಿಪ್ಸ್‌ಗೆ ಒಂದು ಪೀಳಿಗೆ ಆಗೋಕೆ ಎರಡು-ಮೂರು ವಾರ ಸಾಕು. ಅಮೆರಿಕದ ನ್ಯೂಯಾರ್ಕ್, ಕೆನಡಾದ ಒಂಟಾರಿಯೊ ಕಡೆಯ ಈರುಳ್ಳಿ ಹೊಲಗಳಲ್ಲೂ ಇದೇ ಔಷಧಿಗೆ ಬಗ್ಗದ ಥ್ರಿಪ್ಸ್ ಸಿಕ್ಕಿವೆ. ಅದಕ್ಕೇ ಕೀಟನಾಶಕಗಳನ್ನು ಅವು ಹುಳದ ದೇಹದಲ್ಲಿ ಹೇಗೆ ಕೆಲಸ ಮಾಡ್ತವೆ ಅನ್ನೋದರ ಮೇಲೆ ಗುಂಪು ಮಾಡಿ ನಂಬರ್ ಕೊಟ್ಟಿದ್ದಾರೆ. ಲ್ಯಾಂಬ್ಡಾ ಸೈಹಲೋಥ್ರಿನ್ 3ಎ, ಸ್ಪಿನೋಸಾಡ್ 5. ಬದಲಾಯಿಸಬೇಕಾದ್ದು ಬ್ರ್ಯಾಂಡ್ ಅಲ್ಲ, ಈ ಗುಂಪು.

ಇಷ್ಟು ನಾನು ಹುಡುಕಿ ಹೇಳಿದ್ದು. ಉಳಿದದ್ದು ನನಗೆ ಮಾವ ಕಲಿಸಿದ್ದು. ಈರುಳ್ಳಿ ಎಲೆ ಮೇಣ ಬಳಿದ ಹಾಗೆ. ಅಂಟು ಬೆರೆಸದಿದ್ರೆ ಔಷಧಿ ಜಾರಿ ನೆಲ ಸೇರುತ್ತೆ. ಜೋರು ಮಳೆ ಬಂದ್ರೆ ಥ್ರಿಪ್ಸ್ ತೊಳೆದು ಹೋಗುತ್ತೆ, ಆದ್ರೆ ಮೋಡ ಮುಚ್ಚಿಕೊಂಡು ಎಲೆ ಒದ್ದೆಯಾಗೇ ಇದ್ರೆ ನೇರಳೆ ಮಚ್ಚೆ ರೋಗ ಹಿಡಿಯುತ್ತೆ. ಅದು ಶಿಲೀಂಧ್ರ, ಹುಳದ ಎಣ್ಣೆಗೆ ಕ್ಯಾರೇ ಅನ್ನಲ್ಲ. ಥ್ರಿಪ್ಸ್ ಕೆರೆದ ಗಾಯಗಳಿದ್ರೆ ಅದಕ್ಕೆ ದಾರಿ ಇನ್ನೂ ಸಲೀಸು. ಹೊಲದ ಸುತ್ತ ಎರಡು ಸಾಲು ಮೆಕ್ಕೆಜೋಳ ಮೊದಲೇ ಬಿತ್ತಿದ್ರೆ ಗಾಳಿಯಲ್ಲಿ ಬರೋ ಥ್ರಿಪ್ಸ್‌ಗೆ ತಡೆಗೋಡೆ ಆಗುತ್ತೆ.

ಹೊಸ ಬಾಟಲಿಯ ಸೀಲ್ ಒಡೆದಿರಲಿಲ್ಲ, ಅಂಗಡಿಯವರು ಗೊಣಗಿಕೊಂಡೇ ವಾಪಸ್ ತಗೊಂಡ್ರು. ಮಾವ ತೋಟಗಾರಿಕೆ ಕಚೇರಿಯಲ್ಲಿ ಕೇಳಿ ಬೇರೆ ಗುಂಪಿನ ಔಷಧಿ ತಂದರು. ಬೆಳೆ ಪೂರ್ತಿ ಉಳೀಲಿಲ್ಲ. ಮೊದಲೇ ಏಟು ತಿಂದಿದ್ದ ಕಡೆ ಗಡ್ಡೆ ನಿಂಬೆಹಣ್ಣಿನಷ್ಟೇ ಆಯ್ತು. ಉಳಿದ ಕಡೆ ಪರವಾಗಿಲ್ಲ. ಈ ವರ್ಷ ಬದುವಿನ ಪಕ್ಕ ಮೆಕ್ಕೆಜೋಳ ಎದ್ದಿದೆ.

ನಮ್ಮ ಕಾಲೇಜಲ್ಲಿ ಔಷಧಿ ಸಿಂಪಡಿಸೋ ಡ್ರೋನ್ ಪ್ರಾಜೆಕ್ಟ್‌ಗಳಿಗೆ ಬರ ಇಲ್ಲ. ಒಳ್ಳೇದೇ. ಆದ್ರೆ ಡ್ರೋನ್ ತಪ್ಪು ಔಷಧಿಯನ್ನೂ ಅಷ್ಟೇ ನೀಟಾಗಿ ಹೊಡೆಯುತ್ತೆ. ಊರಲ್ಲಿ ಹೊಲ ಇರೋರು ಮುಂದಿನ ಸಲ ಹೋದಾಗ ಮನೆಯವರ ಜೊತೆ ಕೂತು ಬಾಟಲಿ ಮೇಲೆ ಮೂರು ವಿಷಯ ಓದಿ. ಒಂದು, ಸಣ್ಣಕ್ಷರದ ರಾಸಾಯನಿಕದ ಹೆಸರು. ಎರಡು, ಬಣ್ಣದ ಗುರುತು: ಕೆಂಪು ಇದ್ರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಮೂರು, ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೀಳಬೇಕು ಅನ್ನೋದು. ಈ ಮೂರನೇದು ನಮ್ಮ ಮೆಸ್ಸಿನ ತಟ್ಟೆಗೂ ಸೇರಿದ್ದು.